ನಿವೃತ್ತಿಗೆ ಯಾವ ಊರು? ರಾತ್ರಿ ಎರಡು ಗಂಟೆಗೆ ಹೋಗಿ ನೋಡಿ

ಉಪ್ಪಲ್ ರಿಂಗಿನಲ್ಲಿ ಸ್ಕೈವಾಕ್ ಇಳಿದು ಯಾದಗಿರಿಗುಟ್ಟದ ಬಸ್ಸು ನಿಲ್ಲುವ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಯಾರಾದರೊಬ್ಬರು ಕೈಗೆ ಬಣ್ಣದ ಕರಪತ್ರ ತುರುಕುತ್ತಾರೆ. ಐದು ಗುಂಟೆ ಫಾರ್ಮ್ ಪ್ಲಾಟ್, ಸುತ್ತ ತಂತಿ ಬೇಲಿ, ಮಾವು ಮತ್ತು ಶ್ರೀಗಂಧದ ಸಸಿ ಉಚಿತ. ಭಾನುವಾರ ಅವರದೇ ಕಾರು, ಅವರದೇ ಊಟ. ನಮ್ಮ ಟೀಮಿನಲ್ಲಿರುವ ಹನ್ನೊಂದು ಮಂದಿಯಲ್ಲಿ ನಾಲ್ವರು ಹೀಗೆ ಹೋಗಿ ಬಂದು ಅಡ್ವಾನ್ಸ್ ಕೊಟ್ಟಿದ್ದಾರೆ. ಎಲ್ಲರೂ ಮೂವತ್ತೈದರ ಆಸುಪಾಸಿನವರು. ನಲವತ್ತೈದಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಮಣ್ಣಿಗೆ ಹೋಗುತ್ತೇವೆ ಅನ್ನುವುದು ಮಧ್ಯಾಹ್ನದ ಊಟದ ಹೊತ್ತಿನ ಕಾಯಂ ಮಾತು.

ಆ ಮಾತಿನಲ್ಲಿ ನಾನೂ ಸೇರಿಕೊಳ್ಳುತ್ತಿದ್ದೆ. ಆದರೆ ನನ್ನ ನಿವೃತ್ತಿಗಿಂತ ಮೊದಲು ಅಪ್ಪನ ನಿವೃತ್ತಿಗೆ ಊರು ಹುಡುಕಬೇಕಾಯಿತು.

ಅಪ್ಪ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ ಹೈಸ್ಕೂಲ್ ಗಣಿತ ಮೇಷ್ಟ್ರಾಗಿದ್ದವರು. 2014ರಲ್ಲಿ ನಿವೃತ್ತರಾಗಿ ಅಲ್ಲೇ ನಮ್ಮ ಹಳ್ಳಿಯ ಮನೆಯಲ್ಲಿ ಅವ್ವನ ಜೊತೆ ಇದ್ದರು. 2021ರ ಅಕ್ಟೋಬರಿನಲ್ಲಿ ಗಡಿಕೇಶ್ವರದ ಸುತ್ತಮುತ್ತ ಮೇಲಿಂದ ಮೇಲೆ ಭೂಮಿ ನಡುಗಿದ್ದು ನಿಮಗೆ ನೆನಪಿರಬಹುದು. ಜನ ಹಾಸಿಗೆ ಹೊತ್ತು ಬಯಲಿನಲ್ಲಿ ಮಲಗಿದರು, ಎಷ್ಟೋ ಮಂದಿ ಊರನ್ನೇ ಬಿಟ್ಟರು. ನಮ್ಮ ಹಳ್ಳಿ ಅಲ್ಲಿಂದ ಹೆಚ್ಚು ದೂರವಿಲ್ಲ. ಆ ವಾರವೇ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಉಪ್ಪಲ್ಲಿನ ನನ್ನ ಬಾಡಿಗೆ ಫ್ಲ್ಯಾಟಿಗೆ ಕರೆತಂದೆ. ನಾಲ್ಕನೇ ಮಹಡಿ, ಬಾಲ್ಕನಿಯಿಂದ ನೋಡಿದರೆ ಮೆಟ್ರೋ ಕಂಬಗಳು.

ಅವ್ವ ಹೇಗೋ ಹೊಂದಿಕೊಂಡಳು. ಪಕ್ಕದ ಮನೆಯ ತೆಲುಗು ಅಮ್ಮನ ಹತ್ತಿರ ಮಾತು ಕಲಿತಳು. ಅಪ್ಪ ಮಾತ್ರ ದಿನಕ್ಕೆ ಮೂರು ಸಲ ಲಿಫ್ಟಿನಲ್ಲಿ ಇಳಿದು ಗೇಟಿನ ಹತ್ತಿರ ನಿಂತು ವಾಪಸು ಬರುತ್ತಿದ್ದರು. ಒಂದು ದಿನ ಅಂದರು: 'ಇದು ಮನಿ ಅಲ್ಲಪಾ, ಪೆಟ್ಟಿಗಿ ಅದ. ನಂಗ ಊರಿಗಿ ಕಳಿಸು.'

ಹಬ್ಬಕ್ಕೆಂದು ಕಳಿಸುತ್ತಲೇ ಇದ್ದೆ. 2024ರ ಜನವರಿಯ ಎಳ್ಳಮಾವಾಸ್ಯೆಗೆ ಎಲ್ಲರೂ ಹೋದೆವು. ಹೊಲದಲ್ಲಿ ಚರಗ ಚೆಲ್ಲಿ, ಬಜ್ಜಿ, ಕಡುಬು, ಅಂಬಲಿ ಉಂಡು ಮಲಗಿದ ರಾತ್ರಿ ಒಂದೂಮುಕ್ಕಾಲಿಗೆ ಅವ್ವ ಎದೆ ಹಿಡಿದುಕೊಂಡು ಎದ್ದು ಕೂತಳು. ಫೋನ್ ಮಾಡಿದರೆ ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಬೇಕು ಅಂದರು. ಕಾಕಾನ ಮಗ ತೊಗರಿ ಚೀಲ ಹೇರುವ ಪಿಕಪ್ ತಂದ. ಹಿಂದೆ ಗಾದಿ ಹಾಸಿ ಅವ್ವನನ್ನು ಮಲಗಿಸಿದೆವು. ದಾರಿಯಲ್ಲಿ ಒಂದು ಕಡೆ ಇಸಿಜಿ ತೆಗೆದು, ಮಾತ್ರೆ ಕೊಟ್ಟು, ತಡ ಮಾಡದೆ ಕಲಬುರಗಿಗೆ ಹೋಗಿ ಅಂದರು. ಮುಟ್ಟಿದಾಗ ನಾಲ್ಕೂವರೆ. ಸ್ಟೆಂಟ್ ಹಾಕಿ ಅವ್ವನನ್ನು ಉಳಿಸಿಕೊಟ್ಟರು. ಆದರೆ ಬೆಳಗ್ಗೆ ಡಾಕ್ಟರು ನನ್ನನ್ನು ಕರೆದು, ಒಂದು ಗಂಟೆ ಮುಂಚೆ ಬಂದಿದ್ದರೆ ಹೃದಯದ ಸ್ನಾಯು ಇನ್ನಷ್ಟು ಉಳಿಯುತ್ತಿತ್ತು ಅಂದರು. ಈಗ ಎರಡು ಮಹಡಿ ಹತ್ತಿದರೆ ಅವ್ವನಿಗೆ ಉಸಿರು ಹತ್ತುತ್ತದೆ.

ಇಷ್ಟಾದರೂ ಅಪ್ಪನ ಹಟ ಬದಲಾಗಲಿಲ್ಲ. ಆಶ್ಚರ್ಯವೆಂದರೆ ಅವ್ವನೂ ಅವರ ಪಕ್ಷಕ್ಕೆ ಸೇರಿದಳು. ಸಾಯುವುದಾದರೂ ನೆಲದ ಮೇಲಿನ ಮನೆಯಲ್ಲಿ ಸಾಯುತ್ತೇನೆ ಅನ್ನುವ ಧಾಟಿ. ಸರಿ, ಊರು ಹುಡುಕೋಣ ಎಂದು ಕೂತೆ.

ಎಂಟೆಕ್ ಮಾಡಿದವನ ರೋಗ, ಮೊದಲು ಎಕ್ಸೆಲ್ ಹಾಳೆ ತೆರೆದೆ. ಹದಿನಾಲ್ಕು ಕಾಲಂ. ಎಕರೆಯ ಬೆಲೆ, ಮಳೆ, ಬೇಸಿಗೆಯ ಬಿಸಿಲು, ಇಂಟರ್ನೆಟ್, ಉಪ್ಪಲ್ಲಿನಿಂದ ದೂರ, ಸುತ್ತಲಿನ ನೋಟ, ಆಸ್ಪತ್ರೆ ಹೀಗೆ. ಪ್ರತಿಯೊಂದಕ್ಕೂ ಅಂಕ. ಈಗ ತೆರೆದು ನೋಡಿದರೆ ನಾಚಿಕೆಯಾಗುತ್ತದೆ: ನೋಟಕ್ಕೆ 15 ಅಂಕ ಇಟ್ಟಿದ್ದೆ, ಆಸ್ಪತ್ರೆಗೆ 10. ಅವ್ವ ಹಿಂದಿನಿಂದ ಬಂದು ಏನದು ಎಂದು ಕೇಳಿದಳು. ವಿವರಿಸಿದೆ. ಅವಳು ಅಂದಿದ್ದು ಇಷ್ಟೇ: 'ಆ ರಾತ್ರಿ ಈ ಊರಾಗ ಇದ್ದಿದ್ರ ದವಾಖಾನಿಗಿ ಎಷ್ಟೊತ್ತಿಗಿ ಮುಟ್ತಿದ್ದೆವು? ಅದೊಂದ ಬರಿ, ಸಾಕು.'

ಹಳೆಯ ಹಾಳೆ ಅಳಿಸಿ ಒಂದೇ ಕಾಲಂ ಮೊದಲಿಗಿಟ್ಟೆ. ರಾತ್ರಿ ಎರಡು ಗಂಟೆಗೆ ಮನೆಯ ಬಾಗಿಲಿನಿಂದ ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆಗೆ ಎಷ್ಟು ನಿಮಿಷ.

ಮೊದಲು ಹೊರಬಿದ್ದಿದ್ದು ನನ್ನ ಹೆಂಡತಿಯ ಕನಸು. ಅವಳು ಧಾರವಾಡದವಳು, ಶಿರಸಿ ಕಡೆ ಅಡಿಕೆ ತೋಟದ ಅಂಚಿನಲ್ಲಿ ಹೆಂಚಿನ ಮನೆ ಅವಳ ಬಹುಕಾಲದ ಆಸೆ. ಅದೇ ವರ್ಷ ಆಗಸ್ಟಿನಲ್ಲಿ ಹೋದೆವು. ಅಂಕೋಲಾ ಹತ್ತಿರದ ಶಿರೂರಿನಲ್ಲಿ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯನ್ನೂ ಚಹಾ ಅಂಗಡಿಯನ್ನೂ ನುಂಗಿ ತಿಂಗಳಾಗಿರಲಿಲ್ಲ. ಶಿರಸಿ ಅಲ್ಲಿಂದ ದೂರ, ಘಟ್ಟದ ಮೇಲಿದೆ, ನಿಜ. ಆದರೆ ನಾವು ಉಳಿದ ಮನೆಯ ಹಿರಿಯರು ಹೇಳಿದ್ದು ಗುಡ್ಡದ ಮಾತಲ್ಲ, ಆಸ್ಪತ್ರೆಯ ಮಾತು. ಉತ್ತರ ಕನ್ನಡಕ್ಕೆ ದೊಡ್ಡ ಆಸ್ಪತ್ರೆ ಬೇಕೆಂದು ಅಲ್ಲಿನ ಜನ ವರ್ಷಗಳಿಂದ ಕೇಳುತ್ತಿದ್ದಾರೆ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರಲ್ಲ, ಆಗ ಆ ಕೂಗು ರಾಜ್ಯಕ್ಕೆಲ್ಲ ಕೇಳಿಸಿತು. (ಎರಡೂ ಕಡೆ ಹೆಸರು ಶಿರೂರು, ಊರು ಬೇರೆ ಬೇರೆ.) ಶಿರಸಿಯಿಂದ ಹುಬ್ಬಳ್ಳಿಗೆ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಮಲೆನಾಡನ್ನು ದೂರುತ್ತಿಲ್ಲ. ಅಲ್ಲಿ ಹುಟ್ಟಿದವರಿಗೆ ರಾತ್ರಿ ಜೀಪು ತರುವ ನೆರೆಯವರಿದ್ದಾರೆ, ಯಾವ ಹಳ್ಳ ಯಾವಾಗ ತುಂಬುತ್ತದೆ ಅನ್ನುವುದು ಗೊತ್ತಿದೆ. ಎಪ್ಪತ್ತರಲ್ಲಿ ಹೊಸದಾಗಿ ಹೋಗಿ ಕೂರುವ ನಮ್ಮಂಥವರಿಗೆ ಅದೆಲ್ಲ ಇಲ್ಲ. ಹೆಂಡತಿ ದಾರಿಯುದ್ದಕ್ಕೂ ಮಾತಾಡಲಿಲ್ಲ, ಆಮೇಲೆ ಒಪ್ಪಿದಳು.

ಯಾದಗಿರಿಗುಟ್ಟದ ಫಾರ್ಮ್ ಪ್ಲಾಟಿಗೂ ಒಂದು ಭಾನುವಾರ ಕೊಟ್ಟೆವು. ಊಟ ಚೆನ್ನಾಗಿತ್ತು. ಒಂದು ಗುಂಟೆಗೆ 121 ಗಜ, ಐದು ಗುಂಟೆಗೆ 605 ಗಜ. ಮನೆ ಕಟ್ಟಲು ಪಂಚಾಯಿತಿ ಅನುಮತಿ ಸಿಗುತ್ತದೆಯೇ ಎಂದು ಅಪ್ಪ ಕೇಳಿದರು. ಸೇಲ್ಸ್ ಹುಡುಗ, 'ಎಲ್ಲರೂ ಕಟ್ಟುತ್ತಾರೆ ಸರ್' ಅಂದ. ಮೂರು ಸಲ ಕೇಳಿದರೂ ಅದೇ ಉತ್ತರ. ಅದು ಕಾಗದದಲ್ಲಿ ಇನ್ನೂ ಕೃಷಿ ಭೂಮಿ, ಲೇಔಟಿಗೆ ಮಂಜೂರಾತಿ ಇಲ್ಲ. ತೆಲಂಗಾಣದಲ್ಲಿ ಧರಣಿ ಹೋಗಿ ಭೂ ಭಾರತಿ ಬಂದಿದೆ, ಪೋರ್ಟಲ್ ಬದಲಾದರೆ ಕೃಷಿ ಭೂಮಿ ನಿವೇಶನ ಆಗುವುದಿಲ್ಲ. ಗಣಿತದ ಮೇಷ್ಟ್ರು ಕಾರಿನಲ್ಲಿ ಕೂತು, 'ಉತ್ತರ ಬರದಿದ್ರ ಪ್ರಶ್ನಿ ಸರಿ ಕೇಳೀನಿ ಅಂತ ತಿಳ್ಕೊ' ಅಂದು ನಕ್ಕರು.

ಉಳಿದದ್ದು ನಮ್ಮದೇ ಹಳ್ಳಿ. ಖರ್ಚಿಲ್ಲ, ಮನೆ ನಮ್ಮದು, ಬಾಗಿಲು ತಟ್ಟಿದರೆ ಹತ್ತು ಮಂದಿ. ಆದರೆ ಕಲಬುರಗಿಗೆ ಎರಡು ಗಂಟೆ. ಮೇಲಾಗಿ ಆ ಮನೆ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಾಳಿಗೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತದ್ದು ಬಹುಪಾಲು ಇಂಥ ಮನೆಗಳ ಕೆಳಗೆ. ಆ ವರ್ಷ ತಿಂಗಳುಗಟ್ಟಲೆ ಅಂಗಳದಲ್ಲಿ ಮಲಗಿದ್ದನ್ನು ಅಪ್ಪ ಈಗಲೂ ಹೇಳುತ್ತಾರೆ. ಭೂಕಂಪ ಅಳೆಯುವ ಎನ್‌ಜಿಆರ್‌ಐ ಇರುವುದು ಇದೇ ಉಪ್ಪಲ್ ರಸ್ತೆಯಲ್ಲಿ, ಆಫೀಸಿಗೆ ಹೋಗುವಾಗ ಅದರ ಗೇಟು ದಾಟುತ್ತೇನೆ. ಅವರ ಯಂತ್ರ ನಡುಕವನ್ನು ಅಳೆಯಬಹುದು, ನಮ್ಮ ಗೋಡೆಯನ್ನು ಹಿಡಿದು ನಿಲ್ಲಿಸಲಾರದು. ಕೆಡವಿ ಕಾಲಂ, ಬೀಮು ಹಾಕಿ ಕಟ್ಟಿಸೋಣ ಅಂದರೆ ಅಪ್ಪನಿಗೆ ಅಜ್ಜನ ಮನೆ ಕೆಡವಲು ಮನಸ್ಸಿಲ್ಲ.

ಹೀಗೆ ತಿರುಗಾಡಿ ಕೊನೆಗೆ ಬಂದು ನಿಂತದ್ದು ಕಮಲಾಪುರದ ಹತ್ತಿರ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ. ಹುಮನಾಬಾದಿನಿಂದ ಕಲಬುರಗಿಗೆ ಹೋಗುವ ಹೆದ್ದಾರಿಯಲ್ಲಿದೆ, 2017ರಲ್ಲಿ ತೆರೆದ ಬೀದರ್–ಕಲಬುರಗಿ ರೈಲು ಮಾರ್ಗವೂ ಅಲ್ಲಿ ಹಾಯುತ್ತದೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. 371(ಜೆ) ವಿಧಿಯ ನೆನಪಿಗೆ 371 ಹಾಸಿಗೆ. ಈ ಸಂಖ್ಯೆಯ ಲೆಕ್ಕಾಚಾರ ಕೇಳಿ ಮೊದಲು ನಗು ಬಂದಿತ್ತು. ಆದರೆ ಎದೆನೋವು ಬಂದರೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡುತ್ತಿದ್ದ ನಮ್ಮ ಭಾಗದವರಿಗೆ ಅದು ನಗುವ ವಿಷಯವಲ್ಲ.

ಅಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಹಳ್ಳಿಯಲ್ಲಿ ಅವ್ವನ ತಂಗಿ, ನನ್ನ ಚಿಗವ್ವ ಇದ್ದಾಳೆ. ಅವಳೇ ಒಂದು ಮನೆ ತೋರಿಸಿದಳು. ಅಂಗಳ, ಬೇವಿನ ಮರ, ಬಾಡಿಗೆಯೂ ಅಗ್ಗ. ಎಲ್ಲರಿಗೂ ಹಿಡಿಸಿತು. ನಾನೂ ಕಾಕಾನ ಮಗನೂ ಆ ರಾತ್ರಿ ಎರಡು ಗಂಟೆಗೆ ಕಾರು ತೆಗೆದುಕೊಂಡು ಆ ಮನೆಯ ಬಾಗಿಲಿಗೆ ಹೋದೆವು. ಓಣಿಯಲ್ಲಿ ಒಂದು ಟ್ರ್ಯಾಕ್ಟರ್, ಎರಡು ಎತ್ತಿನ ಬಂಡಿ ನಿಂತಿದ್ದವು. ಕಾರು ಒಳಗೆ ಹೋಗಲೇ ಇಲ್ಲ. ಹಗಲು ಎಲ್ಲವೂ ಹೊಲಕ್ಕೆ ಹೋಗಿರುತ್ತವೆ, ಓಣಿ ಖಾಲಿ ಕಾಣುತ್ತದೆ. ಆ ಮನೆ ಬಿಟ್ಟೆವು. ಊರ ಬಾಯಿಯಲ್ಲಿ, ಡಾಂಬರು ರಸ್ತೆಗೆ ಮುಖ ಮಾಡಿದ ಆರ್‌ಸಿಸಿ ಮನೆ ಹಿಡಿದೆವು. ನೋಡಲು ಸುಂದರವೇನಲ್ಲ, ಮುಂದೆ ಪಂಕ್ಚರ್ ಅಂಗಡಿ. ಅಲ್ಲಿಂದ ಕಲಬುರಗಿಯ ಆಸ್ಪತ್ರೆಗೆ ಅದೇ ರಾತ್ರಿ ಓಡಿಸಿ ನೋಡಿದೆವು: 44 ನಿಮಿಷ.

ನೀರಿನ ಬಗ್ಗೆ ಮನೆ ಮಾಲೀಕರನ್ನಾಗಲಿ ದಲ್ಲಾಳಿಯನ್ನಾಗಲಿ ಕೇಳಬೇಡಿ. ಮೇ ತಿಂಗಳಲ್ಲಿ ಹೋಗಿ, ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರನ್ನು ಕೇಳಿ. ನಾವು ಕೇಳಿದಾಗ ವಾರಕ್ಕೆ ಎರಡು ದಿನ ಅಂದರು, ಹಾಗಾಗಿ ದೊಡ್ಡ ಟ್ಯಾಂಕು ಇಡಿಸಿದೆವು.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮನೆ ಬಾಡಿಗೆ 4,500. ಅಡುಗೆ, ಪಾತ್ರೆಗೆ ಬರುವ ಹೆಣ್ಣುಮಗಳಿಗೆ 3,500. ಪಂಕ್ಚರ್ ಅಂಗಡಿಯ ಹುಡುಗನ ಹತ್ತಿರ ಒಂದು ಕಾರು ಇದೆ. ರಾತ್ರಿ ಯಾವ ಹೊತ್ತಿಗೆ ಕರೆದರೂ ಬರಬೇಕು, ಫೋನ್ ಬಂದ್ ಮಾಡಬಾರದು ಎಂದು ತಿಂಗಳಿಗೆ 2,000 ಕೊಡುತ್ತೇವೆ. ಇದುವರೆಗೆ ಒಂದೇ ಸಲ ಕರೆದಿದ್ದೇವೆ, ಅದೂ ಗ್ಯಾಸ್ ತೊಂದರೆ. ಆದರೂ ಕೊಡುವ ದುಡ್ಡಿನಲ್ಲಿ ನನಗೆ ಹೆಚ್ಚು ನೆಮ್ಮದಿ ಕೊಡುವುದು ಆ ಎರಡು ಸಾವಿರವೇ. ಔಷಧಿ, ಕಿರಾಣಿ, ಕರೆಂಟು ಸೇರಿದರೂ ಅಪ್ಪನ ಪಿಂಚಣಿಯಲ್ಲಿ ಮುಗಿದು ಉಳಿಯುತ್ತದೆ. 70 ದಾಟಿದ ಎಲ್ಲರಿಗೂ ವರ್ಷಕ್ಕೆ 5 ಲಕ್ಷದ ಆಯುಷ್ಮಾನ್ ರಕ್ಷಣೆಯನ್ನು ಕೇಂದ್ರ 2024ರ ಅಕ್ಟೋಬರಿನಲ್ಲಿ ಶುರು ಮಾಡಿತು. ಆದರೆ ಯಾವ ಕಾರ್ಡ್ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಅನ್ನುವುದನ್ನು ಆರೋಗ್ಯವಾಗಿದ್ದಾಗಲೇ ಅಲ್ಲಿನ ಕೌಂಟರಿಗೆ ಹೋಗಿ ಕೇಳಿಕೊಳ್ಳಿ, ಸ್ಟ್ರೆಚರ್ ಪಕ್ಕ ನಿಂತು ಅಲ್ಲ.

ಜಾಗ ಕೊಳ್ಳಲಿಲ್ಲವೇ ಎಂದು ಟೀಮಿನವರು ಕೇಳುತ್ತಾರೆ. ಕೊಳ್ಳುವವರಿದ್ದೆವು. 2020ರ ತಿದ್ದುಪಡಿಯಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಆ ಹಳ್ಳಿಯಲ್ಲೇ ಒಂದು ಎಕರೆ ಬಹಳ ಸಸ್ತಾಕ್ಕೆ ಬಂತು. ವಕೀಲರು ಹಳೆಯ ಕಾಗದ ತೆಗೆಸಿ ನೋಡಿದರೆ ಅದು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದ ಜಮೀನು. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದರ ಮಾರಾಟ ನಿಲ್ಲುವುದಿಲ್ಲ, 2023ರ ತಿದ್ದುಪಡಿಯ ನಂತರ ಎಷ್ಟು ವರ್ಷ ಕಳೆದರೂ ಮೂಲ ಕುಟುಂಬ ವಾಪಸು ಕೇಳಬಹುದು. ಕೇಳುವುದು ನ್ಯಾಯವೂ ಹೌದು. ಹಳ್ಳಿಯೊಳಗೆ ಮನೆ ಕೊಳ್ಳುವವರು ಇ-ಸ್ವತ್ತಿನ ಫಾರಂ 9 ಮತ್ತು 11ಎ ಕೇಳಿ, 11ಬಿ ತೋರಿಸಿದರೆ ಹುಷಾರಾಗಿರಿ. ನನ್ನ ಮಟ್ಟಿಗೆ ಮೊದಲ ವರ್ಷ ಬಾಡಿಗೆಯೇ ಸರಿ. ಊರು ಹಿಡಿಸದಿದ್ದರೆ ಗಂಟುಮೂಟೆ ಕಟ್ಟಬಹುದು.

ಹಿಡಿಸಿದೆಯೇ? ಅವ್ವನಿಗೆ ಹಿಡಿಸಿದೆ, ತಂಗಿಯ ಮನೆ ಎದುರಿಗಿದೆ. ಅಪ್ಪನದು ಗೊತ್ತಾಗುವುದಿಲ್ಲ. ಮೊದಲ ಎರಡು ತಿಂಗಳು, 'ಇಲ್ಲಿ ನನ್ನ ಯಾರ ಗುರ್ತ ಹಿಡೀತಾರ?' ಎಂದು ಫೋನಿನಲ್ಲಿ ಗೊಣಗುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ನಮ್ಮ ಹಳ್ಳಿಗೆ ಹೋಗಿ ಅಜ್ಜನ ಮನೆಯ ಬೀಗ ತೆಗೆದು, ಕಸ ಹೊಡೆದು ಬರುತ್ತಾರೆ. ಈಗೀಗ ಪಂಕ್ಚರ್ ಅಂಗಡಿಯ ಹುಡುಗನ ತಮ್ಮನಿಗೆ ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಡುತ್ತಿದ್ದಾರಂತೆ, ಅವನ ಜೊತೆ ಇನ್ನಿಬ್ಬರು ಬರುತ್ತಾರಂತೆ.

ಹನ್ನೊಂದು ತಿಂಗಳ ಕರಾರು ಬರುವ ತಿಂಗಳು ಮುಗಿಯುತ್ತದೆ. ಮುಂದುವರಿಸಬೇಕೇ ಎಂದು ಮಾಲೀಕರು ನನಗೆ ಫೋನ್ ಮಾಡಿದ್ದರು. ಅಪ್ಪನನ್ನು ಕೇಳಿ ಹೇಳುತ್ತೇನೆ ಅಂದೆ. ಕೇಳಿದರೆ ಅಪ್ಪ ಅದಕ್ಕೆ ಉತ್ತರ ಕೊಡಲಿಲ್ಲ. ಹಿತ್ತಲಲ್ಲಿ ಮೂರು ಕೆಂಪು ಬಾಳೆಯ ಕಂದು ನೆಟ್ಟಿದ್ದೇನೆ, ಗೊನೆ ಬಿಡಲು ಒಂದೂವರೆ ವರ್ಷವಾದರೂ ಬೇಕಂತೆ, ಬರುವಾಗ ಉಪ್ಪಲ್ಲಿನಿಂದ ಒಂದು ಒಳ್ಳೆಯ ಪೈಪು ತಗೊಂಡು ಬಾ ಅಂದರು.