ವೇಗನಿಯಂತ್ರಕ ಡ್ರೈವ್‌ಗಳಲ್ಲಿ ಮೋಟಾರಿನ ಸ್ತಂಭನ ಮತ್ತು ರಕ್ಷಣೆ: ಸೇಡಂ–ವಾಡಿ ಸಿಮೆಂಟ್ ವಲಯದ ಹಿನ್ನೆಲೆಯಲ್ಲಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್ ಮತ್ತು ಚಿಂಚೋಳಿ ಸೀಮೆಯ ನೆಲದಡಿಯಲ್ಲಿ ಸುಣ್ಣಕಲ್ಲಿನ ವಿಸ್ತಾರವಾದ ಹಾಸುಗಳಿವೆ. 1968ರಲ್ಲಿ ವಾಡಿಯಲ್ಲಿ ಎ.ಸಿ.ಸಿ. ಕಾರ್ಖಾನೆ ಆರಂಭವಾದ ತರುವಾಯ ಮಳಖೇಡ, ಸೇಡಂ, ಇಟಗಾ, ಛತ್ರಸಾಲ ಮುಂತಾದೆಡೆ ಸಿಮೆಂಟ್ ಸ್ಥಾವರಗಳು ತಲೆಯೆತ್ತಿದವು. ಇಂತಹ ಸ್ಥಾವರಗಳಲ್ಲಿ ಕಲ್ಲು ಸಾಗಿಸುವ ಫೀಡರು, ಬಿಸಿಗಾಳಿಯನ್ನು ಎಳೆಯುವ ಫ್ಯಾನು, ಕಿಲ್ನ್ ಎಂಬ ತಿರುಗುಗೂಡು ಇವುಗಳ ಮೋಟಾರುಗಳನ್ನು ಇಂದು ಬಹುಮಟ್ಟಿಗೆ ವೇಗನಿಯಂತ್ರಕ ಡ್ರೈವ್‌ಗಳೇ ನಡೆಸುತ್ತವೆ.

ನೇರವಾಗಿ 50 ಹರ್ಟ್ಸ್ ವಿದ್ಯುತ್ ಜಾಲಕ್ಕೆ ಜೋಡಿಸಿದ ಪ್ರೇರಣಾ ಮೋಟಾರು ಸಿಕ್ಕಿಕೊಂಡು ನಿಂತರೆ ಅದು ಎಳೆಯುವ ಪ್ರವಾಹವು ಪೂರ್ಣಭಾರದ ಸುಮಾರು ಆರು ಪಟ್ಟಿಗೆ ಏರುತ್ತದೆ. ತಾಪ ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಸುರುಳಿಯಲ್ಲಿ 36 ಪಟ್ಟು ಶಾಖ ಹುಟ್ಟುತ್ತದೆ. ಆದರೆ ಉಷ್ಣ ರಿಲೇ ಕೆಲವೇ ಸೆಕೆಂಡುಗಳಲ್ಲಿ ಸಂಪರ್ಕ ಕಡಿಯುತ್ತದೆ. ಅಪಾಯ ದೊಡ್ಡದು, ಆದರೆ ಬಹಿರಂಗವಾದುದು.

ಡ್ರೈವ್ ಇದ್ದಾಗ ಅಪಾಯ ಮರೆಯಲ್ಲಿ ನಡೆಯುತ್ತದೆ. ಪ್ರವಾಹವು ನಿಗದಿತ ಮಿತಿಯನ್ನು, ಉದಾಹರಣೆಗೆ ಶೇ. 150ನ್ನು, ಮುಟ್ಟುತ್ತಲೇ ಡ್ರೈವ್ ಆವೃತ್ತಿಯನ್ನು ತಗ್ಗಿಸುತ್ತದೆ. ಭಾರ ಸರಿಯದಿದ್ದರೆ ಮೋಟಾರು ಕೆಲವೇ ಹರ್ಟ್ಸ್‌ನಲ್ಲಿ ನಿಂತಲ್ಲೇ ನರಳುತ್ತದೆ. ಶಾಖ ಎರಡೂಕಾಲು ಪಟ್ಟು. ಆದರೆ ದಂಡಕ್ಕೆ ಜೋಡಿಸಿದ ತಂಪುಗಾಳಿಯ ಫ್ಯಾನು ತಿರುಗುವುದೇ ಇಲ್ಲ. ಯಾಂತ್ರಿಕ ಶಕ್ತಿ ಶೂನ್ಯವಾದುದರಿಂದ ಡ್ರೈವ್ ಜಾಲದಿಂದ ಪಡೆಯುವ ಪ್ರವಾಹವೂ ಅತ್ಯಲ್ಪ. ಡ್ರೈವ್‌ಗೆ ಮೊದಲು ಅಳವಡಿಸಿದ ಹಳೆಯ ರಿಲೇಯನ್ನೇ ನಂಬಿ ಕೂರುವವರು ಇದನ್ನು ಗಮನಿಸಬೇಕು: ಅದಕ್ಕೆ ಈ ಸ್ತಂಭನ ಕಾಣುವುದೇ ಇಲ್ಲ.

ಈ ಸೀಮೆಯ ಹವೆಯೂ ಇದಕ್ಕೆ ಪ್ರತಿಕೂಲವಾಗಿದೆ. ಸಾಮಾನ್ಯ ಮೋಟಾರುಗಳನ್ನು 40 ಡಿಗ್ರಿ ಸೆಲ್ಸಿಯಸ್ ಪರಿಸರಕ್ಕೆಂದು ರೂಪಿಸಲಾಗುತ್ತದೆ. ಇಲ್ಲಿನ ಬೇಸಿಗೆ ಆ ಮಟ್ಟವನ್ನು ಮೀರುವುದು ವಾಡಿಕೆ. ಮಳೆಗಾಲದಲ್ಲಿ ಕಲ್ಲಿನೊಡನೆ ಬರುವ ಕಪ್ಪು ಎರೆಮಣ್ಣು ಫೀಡರಿಗೆ ಅಂಟಿಕೊಳ್ಳುತ್ತದೆ.

ಆದುದರಿಂದ ಡ್ರೈವ್‌ನೊಳಗಿನ ಸ್ತಂಭನ ರಕ್ಷಣೆಯು ಮೂರು ಸಂಗತಿಗಳನ್ನು ಒಟ್ಟಿಗೆ ನೋಡುತ್ತದೆ: ಪ್ರವಾಹ ಮಿತಿಯಲ್ಲಿರಬೇಕು, ಆವೃತ್ತಿ ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿರಬೇಕು, ಈ ಸ್ಥಿತಿ ನಿಗದಿತ ಕಾಲ ಮುಂದುವರಿಯಬೇಕು. 15 ಹರ್ಟ್ಸ್ ಮತ್ತು 20 ಸೆಕೆಂಡ್ ಎಂಬುದು ಸಾಮಾನ್ಯವಾದ ಆರಂಭಿಕ ಹೊಂದಾಣಿಕೆಗಳಲ್ಲೊಂದು. ವೇಗವನ್ನು ತಗ್ಗಿಸಿ ಮೋಟಾರನ್ನು ಉಳಿಸಿಕೊಳ್ಳುವ ‘ಸ್ತಂಭನ ತಡೆ’ ಬೇರೆ, ಮೋಟಾರನ್ನು ನಿಲ್ಲಿಸಿಬಿಡುವ ಈ ರಕ್ಷಣೆ ಬೇರೆ. ಕೈಪಿಡಿಗಳನ್ನು ಓದುವಾಗ ಇವೆರಡೂ ಬೆರೆತುಹೋಗುವುದುಂಟು.

ಕಾಲಮಿತಿಯನ್ನು ಎಲ್ಲ ಯಂತ್ರಗಳಿಗೂ ಒಂದೇ ಆಗಿ ಇಡುವುದು ತರವಲ್ಲ. ಫೀಡರನ್ನು ಬೇಗನೆ ನಿಲ್ಲಿಸಬಹುದು. ಕಿಲ್ನ್ ಹಾಗಲ್ಲ, ಕಾದ ಗೂಡು ನಿಂತೇ ಇದ್ದರೆ ಅದರ ಉಕ್ಕಿನ ಕವಚ ಬಾಗುತ್ತದೆ, ಸಹಾಯಕ ಯಂತ್ರದಿಂದ ಅದನ್ನು ತಿರುಗಿಸುತ್ತಲೇ ಇರಬೇಕಾಗುತ್ತದೆ. ಆರಂಭದಲ್ಲಿ ಅದು ಬೇಡುವ ಟಾರ್ಕ್ ಕೂಡ ಅಧಿಕ. ಅಲ್ಲಿ ಮೊದಲು ನಿಯಂತ್ರಣ ಕೊಠಡಿಗೆ ಎಚ್ಚರಿಕೆ, ಅನಂತರ ನಿಲುಗಡೆ ಎಂಬ ಕ್ರಮವೇ ಯುಕ್ತವೆಂದು ನನ್ನ ಅಭಿಪ್ರಾಯ. ಸುರುಳಿಯೊಳಗೆ ಥರ್ಮಿಸ್ಟರ್ ಇಟ್ಟರೆ ನಿಜವಾದ ತಾಪವೇ ತಿಳಿಯುತ್ತದೆ. ಒಂದೇ ಡ್ರೈವ್ ಹಲವು ಮೋಟಾರುಗಳನ್ನು ನಡೆಸುವಲ್ಲಿ ಒಂದು ಸಿಕ್ಕಿಕೊಂಡರೂ ಒಟ್ಟು ಪ್ರವಾಹದಲ್ಲಿ ಅದು ಅಡಗಿಹೋಗುವುದರಿಂದ, ಡ್ರೈವ್‌ನ ನಂತರ ಪ್ರತಿಯೊಂದಕ್ಕೂ ಪ್ರತ್ಯೇಕ ರಕ್ಷಣೆ ಬೇಕು.