ನಿಮಗಿದು ಗೊತ್ತೇ? ಕನ್ನಡ ಮಾತ್ರ ಬಲ್ಲ ಉಡುಗೊರೆ!

ಟೋಕಿಯೊದ ಉಯೆನೊ ಮೃಗಾಲಯಕ್ಕೆ ಭಾರತ ಕಳಿಸಿದ ಉಡುಗೊರೆಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ತಿಳಿಯುತ್ತಿರಲಿಲ್ಲ! ಬಾಂಬ್ ಬಿದ್ದಾಗ ತಪ್ಪಿಸಿಕೊಂಡಾವೆಂಬ ಭಯಕ್ಕೆ 1943ರಲ್ಲಿ ಅಲ್ಲಿನ ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದ್ದರು. ಯುದ್ಧ ಮುಗಿದ ಮೇಲೆ ಮಕ್ಕಳು ನೆಹರೂ ಅವರಿಗೇ ಕಾಗದ ಬರೆದರು, ನಮಗೊಂದು ಆನೆ ಬೇಕು ಅಂತ. 1949ರ ಸೆಪ್ಟೆಂಬರ್‌ನಲ್ಲಿ ಮೈಸೂರು ಸೀಮೆಯ ಹೆಣ್ಣಾನೆಯೊಂದು ಜಪಾನಿನಲ್ಲಿ ಹಡಗಿಳಿಯಿತು. ಹೆಸರು ಇಂದಿರಾ, ನೆಹರೂ ಮಗಳ ಹೆಸರೇ. ಆನೆಗೆ ಜಪಾನಿ ತಿಳಿಯದು, ಪಾಲಕರಿಗೆ ಕನ್ನಡ ಬಾರದು. ಕೊನೆಗೆ ಕಲಿತವರು ಪಾಲಕರು! ಜೊತೆಗೆ ಹೋಗಿದ್ದ ಮಾವುತರೇ ಮೇಷ್ಟ್ರು. (ಕನ್ನಡ ಕಲಿಯೋದು ಕಷ್ಟ ಅನ್ನುವವರು ಗಮನಿಸಿ.) 1957ರಲ್ಲಿ ಜಪಾನಿಗೆ ಹೋದ ನೆಹರೂ ಇಂದಿರಾಳನ್ನು ಕಂಡು ಬಂದರು. ಅವಳು ಬದುಕಿದ್ದು 1983ರವರೆಗೆ.

ಕೇಳದೇ ಕೊಟ್ಟದ್ದರ ಗತಿ? ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೋಗೆಲ್ ಲೆಕ್ಕ ಹಾಕಿಯೇಬಿಟ್ಟರು. ನಿಮಗೆ ಬಂದ ಕ್ರಿಸ್‌ಮಸ್ ಉಡುಗೊರೆಯನ್ನು ನೀವೇ ಕೊಳ್ಳುವುದಾದರೆ ಎಷ್ಟು ಕೊಡುತ್ತಿದ್ದಿರಿ ಎಂದು ವಿದ್ಯಾರ್ಥಿಗಳನ್ನು ಕೇಳಿದರು. 1993ರಲ್ಲಿ ಪ್ರಕಟವಾದ ಉತ್ತರ: ಬೆಲೆಯ ಹತ್ತನೇ ಒಂದರಿಂದ ಮೂರನೇ ಒಂದು ಭಾಗ ನೀರುಪಾಲು. ಗೆಳೆಯರು ತಂದದ್ದು ವಾಸಿ, ದೂರದ ಬಂಧುಗಳದ್ದೇ ಹೆಚ್ಚು ದಂಡ. ಗೌರಿಹಬ್ಬಕ್ಕೆ ಬಂದ ರವಿಕೆ ಕಣ ಹೊಲಿಗೆ ಕಾಣದೆ ಮನೆಯಿಂದ ಮನೆಗೆ ಸುತ್ತುವುದನ್ನು ಬಲ್ಲ ನಮ್ಮ ಹೆಂಗಸರಿಗೆ ಇದಕ್ಕೆ ಸಂಶೋಧನೆ ಬೇಕಿರಲಿಲ್ಲ.

ಮದುವೆಯಲ್ಲಿ ಮುಯ್ಯಿ ಬರೆಸುತ್ತೇವಲ್ಲ, ಸೇಡು ತೀರಿಸುವುದಕ್ಕೂ ಕನ್ನಡದಲ್ಲಿ ಅದೇ ಪದ. ಮುಯ್ಯಿ ಎಂದರೆ ತಿರುಗಿ ಸಲ್ಲಬೇಕಾದದ್ದು. ಅದು 501 ರೂಪಾಯಿಯೂ ಆಗಬಹುದು, ಏಟೂ ಆಗಬಹುದು! ಜರ್ಮನ್ ಭಾಷೆ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ 'ಗಿಫ್ಟ್' ಎಂದರೆ ವಿಷ.

ಚೀನಿಯರಿಗೆ ಗಡಿಯಾರ ಕೊಡಬೇಡಿ. ಅವರ ಭಾಷೆಯಲ್ಲಿ 'ಗಡಿಯಾರ ಕೊಡುವುದು' ಎಂಬ ಮಾತು ಸಾಯುವವರನ್ನು ಕಳಿಸಿಕೊಡುವ ಮಾತಿನಂತೆಯೇ ಕೇಳುತ್ತದೆ. ನಮ್ಮಲ್ಲಿ ಒಂದೇ ಮದುವೆಗೆ ನಾಲ್ಕು ಗೋಡೆ ಗಡಿಯಾರ ಬಂದರೂ ಯಾರೂ ಗಾಬರಿಯಾಗುತ್ತಿರಲಿಲ್ಲ.

ಉಡುಗೊರೆ ಮನುಷ್ಯರಿಗಷ್ಟೇ ಮೀಸಲಲ್ಲ. ಯುರೋಪಿನ ನರ್ಸರಿ ವೆಬ್ ಜೇಡಗಳಲ್ಲಿ ಗಂಡು ಸಾಮಾನ್ಯವಾಗಿ ಬರಿಗೈಯಲ್ಲಿ ಹೋಗುವುದಿಲ್ಲ; ಹಿಡಿದ ಹುಳುವನ್ನು ರೇಷ್ಮೆ ಎಳೆಯಲ್ಲಿ ಅಂದವಾಗಿ ಸುತ್ತಿ ಹೆಣ್ಣಿಗೆ ಒಪ್ಪಿಸುತ್ತದೆ. ಕೆಲವು ಗಂಡುಗಳು ಮಹಾ ಕಿಲಾಡಿ. ತಿಂದುಳಿದ ಸಿಪ್ಪೆಯನ್ನೋ ಗಿಡದ ಚೂರನ್ನೋ ಸುತ್ತಿ ಕೊಡುತ್ತವೆ! ಪೊಟ್ಟಣ ನೋಡಿ ಹೆಣ್ಣು ಮೋಸಹೋಗುವುದು ನಿಜ, ಆದರೆ ಒಳಗೇನಿಲ್ಲ ಎಂದು ತಿಳಿದ ಮೇಲೆ ಮಿಲನವನ್ನು ಬೇಗನೇ ಮುಗಿಸಿಬಿಡುತ್ತದೆ.

ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ಆದೇಶಿಸಿತು. 2023ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರೂ ತಮಗೆ ಪುಸ್ತಕವೇ ಸಾಕೆಂದರು. ಬಂದದ್ದನ್ನು ಓದಲೇಬೇಕೆಂಬ ಆದೇಶ ಮಾತ್ರ ಇನ್ನೂ ಹೊರಬಿದ್ದಿಲ್ಲ.