ಬಣ್ಣ ಹಿಡಿದ ಪರಾಗವೆಲ್ಲ ಬದುಕಿದ್ದಲ್ಲ

ಹಿಮಾಲಯದ ಕಣಿವೆಗಳ ಕಾಡುಗಿಡಗಳನ್ನು ಕುರಿತ ವರ್ಣತಂತು ಅಧ್ಯಯನಗಳಲ್ಲಿ ‘ಪರಾಗ ಫಲವತ್ತತೆ’ ಎಂಬ ಶೇಕಡಾ ಲೆಕ್ಕವೊಂದು ಇದ್ದೇ ಇರುತ್ತದೆ. ಅದು ಹೆಚ್ಚಿದ್ದರೆ ಗಿಡಕ್ಕೆ ಸಂತಾನದ ಚಿಂತೆಯಿಲ್ಲ, ಕಡಿಮೆಯಿದ್ದರೆ ವಂಶ ಮುಗಿದಂತೆ ಎಂದು ಓದಿಕೊಳ್ಳುವವರೇ ಹೆಚ್ಚು. ಎರಡೂ ತಪ್ಪು. ಈ ಲೆಕ್ಕ ಬರುವುದು ಸಾಮಾನ್ಯವಾಗಿ ಅಸಿಟೋಕಾರ್ಮಿನ್ ಎಂಬ ಬಣ್ಣದಿಂದ. ಒಳಗೆ ಜೀವರಸ, ಕೋಶಕೇಂದ್ರ ತುಂಬಿಕೊಂಡ ರೇಣು ಕೆಂಪಾಗುತ್ತದೆ, ಜೊಳ್ಳು ಬಿಳಿಚಿಕೊಂಡೇ ಉಳಿಯುತ್ತದೆ. ಕಾಳು ಗಟ್ಟಿಯೋ ಜೊಳ್ಳೋ ಎಂಬುದಷ್ಟೇ ಇಲ್ಲಿ ತಿಳಿಯುವುದು, ಮೊಳೆಯುತ್ತದೋ ಇಲ್ಲವೋ ಎಂಬುದಲ್ಲ. ಒಣಗಿಸಿ ಹಾಳೆಗೆ ಅಂಟಿಸಿದ ಹಳೆಯ ಮಾದರಿಗಳ ರೇಣುವೂ ಬಣ್ಣ ಹಿಡಿಯುತ್ತದೆ. ಅದರಲ್ಲಿ ಜೀವವಿದೆ ಎಂದು ಯಾರೂ ಹೇಳಲಾರರು. ಹುಲ್ಲುಗಳ ಪರಾಗವಂತೂ ಹೂವಿನಿಂದ ಹೊರಬಿದ್ದು ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಸತ್ತರೂ ಬಣ್ಣ ಹಿಡಿಯುವುದನ್ನು ಬಿಡುವುದಿಲ್ಲ. ಜೀವವನ್ನೇ ಅಳೆಯಬೇಕೆಂದರೆ ಬೇರೆ ಪರೀಕ್ಷೆ ಬೇಕು: ಸಕ್ಕರೆ ದ್ರಾವಣದಲ್ಲಿ ಪರಾಗನಳಿಕೆ ಬೆಳೆಸಿ ನೋಡಬೇಕು, ಇಲ್ಲವೇ 1970ರಲ್ಲಿ ಹೆಸ್ಲಾಪ್-ಹ್ಯಾರಿಸನ್ ದಂಪತಿ ವಿವರಿಸಿದಂತೆ ಕಿಣ್ವ ಮತ್ತು ಪೊರೆ ಎರಡೂ ಸರಿಯಿದ್ದರೆ ಮಾತ್ರ ಹೊಳೆಯುವ ದ್ರವ್ಯ ಬಳಸಬೇಕು. ಅಲ್ಲಿ ಗೆದ್ದ ರೇಣುವಿಗೂ ಬೀಜದ ಭರವಸೆಯಿಲ್ಲ. ತನ್ನದೇ ಪರಾಗವನ್ನು ಒಲ್ಲದ ಗಿಡಗಳುಂಟು. ಚಳಿಮಳೆಯಲ್ಲಿ ದುಂಬಿಯೇ ಬಾರದ ದಿನಗಳುಂಟು.

ಇನ್ನು ಜೊಳ್ಳು ಪರಾಗದ ಕಡೆ. ಕಾಶ್ಮೀರದವರು ಹಂದ್ ಎಂದು ಸೊಪ್ಪಿಗಾಗಿ ಕೀಳುವ ಡ್ಯಾಂಡೆಲಿಯನ್ನಿನ ಕುಲದಲ್ಲಿ ತ್ರಿಗುಣಿತ ಗಿಡಗಳು ಹೇರಳ. ಎಂಟೆಂಟರ ಮೂರು ಗುಂಪು, ಒಟ್ಟು 24 ವರ್ಣತಂತು. ಮೂರನ್ನು ಜೋಡಿಯಾಗಿಸಲು ಬಾರದೆ ಕೋಶವಿಭಜನೆ ಹಳಿ ತಪ್ಪುತ್ತದೆ. ರೇಣುಗಳು ಚಿಕ್ಕವು ದೊಡ್ಡವು ಬೆರೆತು ಅನೇಕ ಜೊಳ್ಳಾಗುತ್ತವೆ. ಆದರೂ ಬಯಲು ತುಂಬ ಬೀಜ ಹಾರುತ್ತದೆ. ಡೆನ್ಮಾರ್ಕಿನ ಸಸ್ಯವಿಜ್ಞಾನಿ ರೌಂಕಿಯರ್ 1903ರಲ್ಲೇ ಮೊಗ್ಗಿನ ಮೇಲ್ಭಾಗವನ್ನು, ಕೇಸರ ಶಲಾಕಾಗ್ರಗಳ ಸಮೇತ, ಕತ್ತರಿಸಿ ತೋರಿಸಿದ: ಬೀಜ ಕಟ್ಟಿತು. ಪರಾಗದ ಹಂಗೇ ಇರಲಿಲ್ಲ. ನಮ್ಮಲ್ಲಿ ಮಗುವಿಗೆ ತೇದು ಹಾಕುವ ಬಜೆಯ ತ್ರಿಗುಣಿತ ತಳಿ 16ನೇ ಶತಮಾನದಲ್ಲಿ ಯುರೋಪಿಗೆ ಹೋಗಿ, ಒಂದು ಬೀಜವನ್ನೂ ಬಲಿಸದೆ, ಬರೀ ಗೆಡ್ಡೆಯಿಂದ ಕೆರೆಯಂಚುಗಳನ್ನು ಹಿಡಿಯಿತು.

ಹಾಗಾದರೆ ಆ ಶೇಕಡಾ ಲೆಕ್ಕ ದಂಡವೇ ಎಂದರೆ, ಅಲ್ಲ. ವರ್ಣತಂತುಗಳು ಎಲ್ಲೋ ತೊಡಕಿಕೊಂಡಿವೆ, ಗಿಡ ಸಂಕರವಿರಬಹುದು ಎಂದು ಅದು ಸುಳಿವು ಕೊಡುತ್ತದೆ; ಭವಿಷ್ಯ ಹೇಳೆಂದು ಅದನ್ನು ಕೇಳಬಾರದು. ಪರಾಗವಿಲ್ಲದೆ ಬೆಳೆದ ವಂಶದಲ್ಲಿ ವೈವಿಧ್ಯ ಕಡಿಮೆ, ಒಂದು ರೋಗ ಬಂದರೆ ಎಲ್ಲಕ್ಕೂ ತಗಲುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕಾಶ್ಮೀರದ ಪಾಂಪೋರಿನ ಕೇಸರಿ ಕಾಡುಗಿಡವಲ್ಲ ನಿಜ, ಆದರೆ ಅದೂ 24 ವರ್ಣತಂತುಗಳ ತ್ರಿಗುಣಿತ. ಬೀಜವಿಲ್ಲದ ಅದರ ಗೆಡ್ಡೆಗಳಿಗೆ ಕೊಳೆರೋಗ ಹತ್ತಿದಾಗ, ಅದನ್ನು ತಾಳಿಕೊಳ್ಳುವ ಗಿಡವನ್ನು ಬೀಜದ ಸಸಿಗಳಲ್ಲಿ ಹುಡುಕುವ ದಾರಿಯೇ ಕೃಷಿಕನಿಗಿಲ್ಲ.